ಊಟಕ್ಕೆ ಮೂರು, ದೋಣಿಗೆ ನಾಲ್ಕೂವರೆ: ಸಿಂಗಪುರದಿಂದ ಹೊರಟ ಒಂದು ಕ್ರೂಸ್ ಹಡಗಿನ ವಿಮರ್ಶೆ

ಸಿಂಗಪುರದಿಂದ ಹೊರಟು ಪೆನಾಂಗ್ ಮತ್ತು ಫುಕೆಟ್ ಮುಟ್ಟಿ ನಾಲ್ಕು ರಾತ್ರಿಗಳ ಬಳಿಕ ಅಲ್ಲಿಗೇ ಮರಳುವ ಕ್ರೂಸ್ ಪ್ರಯಾಣಗಳು ಬೆಂಗಳೂರಿನ ಟ್ರಾವೆಲ್ ಏಜೆಂಟರ ಕಚೇರಿಗಳಲ್ಲಿ ಈಗ ತಿರುಪತಿ ಪ್ಯಾಕೇಜಿನಷ್ಟೇ ಸಲೀಸಾಗಿ ಮಾರಾಟವಾಗುತ್ತಿವೆ. ಹೋಗುವ ಮುನ್ನ ಅಂಥ ಪ್ರಯಾಣಗಳ ಬಗ್ಗೆ ಸಿಕ್ಕ ಅನುಭವಗಳನ್ನೆಲ್ಲ ಓದಿಕೊಂಡೆ. ಸಸ್ಯಾಹಾರ ಸಿಗುತ್ತದೆಯೇ, ಮೊಸರು ಹುಳಿಯೇ, ಈಜುಕೊಳದಲ್ಲಿ ನೂಕುನುಗ್ಗಲು ಎಷ್ಟು, ಬಾಲ್ಕನಿಗೆ ಹೆಚ್ಚುವರಿ ಹಣ ಕೊಡುವುದು ಯೋಗ್ಯವೇ ಎಂಬ ಪ್ರಶ್ನೆಗಳಿಗೆಲ್ಲ ಅವುಗಳಲ್ಲಿ ಉತ್ತರವಿತ್ತು. ಹಡಗಿನ ಎರಡೂ ಪಕ್ಕಗಳಲ್ಲಿ ಕಿತ್ತಳೆ ಬಣ್ಣ ಬಳಿದುಕೊಂಡು ತೂಗುವ ಲೈಫ್‌ಬೋಟುಗಳ ಬಗ್ಗೆ ಮಾತ್ರ ಒಬ್ಬರೂ ಬರೆದಿರಲಿಲ್ಲ. ಬರೆದಿದ್ದ ಒಬ್ಬರೇ ಒಬ್ಬರು, ಅವು ತಮ್ಮ ಕಿಟಕಿಯ ನೋಟಕ್ಕೆ ಅಡ್ಡ ಬಂದವೆಂದು ದೂರಿದ್ದರು.

ನಾನು ಉತ್ತರ ಕನ್ನಡದ ಕರಾವಳಿಯವನು. 28 ವರ್ಷ ಹಡಗುಗಳ ಡೆಕ್ಕಿನ ಮೇಲೆ ದುಡಿದು, ಅದರಲ್ಲಿ ಕೊನೆಯ ಹನ್ನೊಂದು ವರ್ಷ ಪ್ರಯಾಣಿಕರ ಹಡಗುಗಳಲ್ಲಿ ಬೋಸನ್ ಆಗಿದ್ದು ನಿವೃತ್ತನಾದವನು. ಬೋಸನ್ ಎಂದರೆ ಡೆಕ್ಕಿನ ಕೆಲಸಗಾರರ ಮೇಸ್ತ್ರಿ. ನಮ್ಮ ಹಿರಿಯರ ಬಾಯಲ್ಲಿ ಆತ ಸಾರಂಗ. ಆದ್ದರಿಂದ ಮಗಳು ಮತ್ತು ಅಳಿಯ ಟಿಕೆಟ್ ತೆಗೆಸಿಕೊಟ್ಟ ಈ ಪ್ರಯಾಣದಲ್ಲಿ ನನ್ನ ಕಣ್ಣು ಹೋದದ್ದು ಬಫೆಯ ಕಡೆಗಲ್ಲ, ದೋಣಿಗಳ ಕಡೆಗೆ. ಈ ವಿಮರ್ಶೆಯೂ ಬಹುಮಟ್ಟಿಗೆ ಅವುಗಳದ್ದೇ. ಕಂಪನಿಯ ಹೆಸರನ್ನಾಗಲಿ ಹಡಗಿನ ಹೆಸರನ್ನಾಗಲಿ ಬರೆಯುತ್ತಿಲ್ಲ, ಏಕೆಂದರೆ ಹೊಗಳಿಕೆಯ ಜೊತೆಗೆ ಒಂದು ಗಟ್ಟಿಯಾದ ದೂರೂ ಇದೆ, ಮತ್ತು ಆ ದೂರು ಒಂದೇ ಕಂಪನಿಗೆ ಸೀಮಿತವಾದದ್ದೆಂದು ನನಗೆ ಅನ್ನಿಸುವುದಿಲ್ಲ.

ಉಳಿದದ್ದನ್ನು ಬೇಗ ಮುಗಿಸುತ್ತೇನೆ. ಕೋಣೆ ಚೊಕ್ಕಟವಾಗಿತ್ತು, ಹಾಸಿಗೆ ನಮ್ಮ ಬೆನ್ನಿಗೆ ತುಸು ಮೆತ್ತಗಾಯಿತು. ದಕ್ಷಿಣ ಭಾರತದ ಅಡುಗೆಯೆಂದು ಬರೆದಿದ್ದ ಕೌಂಟರಿನಲ್ಲಿ ನಾಲ್ಕೂ ದಿನ ಒಂದೇ ಸಾಂಬಾರು ಇತ್ತು. ಇಡ್ಲಿಯನ್ನು ಬೆಳಿಗ್ಗೆ ಏಳಕ್ಕೆ ಮುಂಚೆ ತಿಂದರೆ ಚೆನ್ನ, ಆಮೇಲೆ ಅದು ಒಣಗುತ್ತದೆ. ರಾತ್ರಿಯ ಮನರಂಜನೆಗೆ ನಾನು ಹೋಗಲಿಲ್ಲ, ಹೋದ ನನ್ನ ಹೆಂಡತಿಗೆ ಜಾದೂಗಾರ ಹಿಡಿಸಿದ.

ಈಗ ದೋಣಿಗಳು. ಹಡಗಿನಲ್ಲಿ ಪ್ರಯಾಣಿಕರು ಮತ್ತು ಸಿಬ್ಬಂದಿ ಸೇರಿ ಸುಮಾರು 2,900 ಜನರಿಗೆ ಅವಕಾಶವಿತ್ತು, ದೋಣಿಗಳು 16 ಇದ್ದವು, ಪ್ರತಿಯೊಂದರ ಮೈಮೇಲೆ 150 ಜನ ಎಂದು ಬರೆದಿತ್ತು. ಲೆಕ್ಕ ಹಾಕಿದವರಿಗೆ 2,400 ಬಂದು ಎದೆ ಧಸಕ್ಕೆನ್ನಬಹುದು. ಮೊದಲ ಸಂಜೆಯೇ ಅಳಿಯನಿಗೆ ಹಾಗಾಯಿತು. ಆದರೆ ಸೋಲಾಸ್ ಎಂದು ಕರೆಯುವ ಅಂತಾರಾಷ್ಟ್ರೀಯ ಒಪ್ಪಂದದ ನಿಯಮವೇ ಹಾಗಿದೆ. ದೂರದ ಅಂತಾರಾಷ್ಟ್ರೀಯ ಯಾನ ಮಾಡುವ ಪ್ರಯಾಣಿಕರ ಹಡಗಿನಲ್ಲಿ ಒಂದೊಂದು ಪಕ್ಕದ ದೋಣಿಗಳು ಒಟ್ಟು ಜನರ ಅರ್ಧದಷ್ಟನ್ನು ಹೊರಬೇಕು, ಅದರಲ್ಲಿ ಒಂದು ಪಾಲನ್ನು ಗಾಳಿ ತುಂಬುವ ಲೈಫ್‌ರಾಫ್ಟುಗಳಿಗೆ ಬಿಡಬಹುದು, ಆದರೆ ದೋಣಿಗಳ ಪಾಲು ಯಾವ ಪಕ್ಕದಲ್ಲೂ ಶೇಕಡಾ 37.5ಕ್ಕಿಂತ ಕೆಳಗಿಳಿಯುವಂತಿಲ್ಲ; ಇದೆಲ್ಲದರ ಮೇಲೆ ಇನ್ನೂ ಶೇಕಡಾ 25ರಷ್ಟು ಜನರಿಗೆ ಹೆಚ್ಚುವರಿ ರಾಫ್ಟುಗಳು ಇರಬೇಕು. ಡೆಕ್ಕಿನ ಅಂಚಿನಲ್ಲಿ ಬಿಳಿಯ ಪೀಪಾಯಿಗಳಂತೆ ಮಲಗಿದ್ದವೇ ಆ ರಾಫ್ಟುಗಳು ಎಂದು ತೋರಿಸಿದ ಮೇಲೆ ಅಳಿಯ ಊಟಕ್ಕೆ ಎದ್ದ. 150 ಎಂಬ ಸಂಖ್ಯೆಯನ್ನು ಲೆಕ್ಕ ಹಾಕಿರುವುದು ಒಬ್ಬೊಬ್ಬರ ತೂಕ ಸರಾಸರಿ 75 ಕಿಲೋ ಎಂದು ಹಿಡಿದು. ಬಫೆಯ ನಾಲ್ಕನೆಯ ದಿನ ಆ ಸರಾಸರಿ ಎಷ್ಟಿರುತ್ತದೆ ಎಂಬುದನ್ನು ನಿಯಮ ಮಾಡಿದವರು ಯೋಚಿಸಿದಂತಿಲ್ಲ.

ಎರಡೂ ಪಕ್ಕಗಳಿಗೆ ಹಂಚಿರುವುದರ ಹಿಂದೆ ಕಹಿಯಾದ ಕಾರಣವಿದೆ. ಹಡಗು ಒಂದು ಕಡೆಗೆ ವಾಲಿದಾಗ ಮೇಲೆದ್ದ ಪಕ್ಕದ ದೋಣಿಗಳು ಹಡಗಿನ ಮೈಗೇ ಒರಗಿ ಇಳಿಯದೆ ಹಟ ಮಾಡುತ್ತವೆ, ತಗ್ಗಿದ ಪಕ್ಕದವು ಡೆಕ್ಕಿನಿಂದ ದೂರಕ್ಕೆ ತೂಗಿ ಹತ್ತಲು ಬಾರದಂತಾಗುತ್ತವೆ. 1915ರ ಮೇ 7ರಂದು ಐರ್ಲೆಂಡಿನ ತೀರದಾಚೆ ಟಾರ್ಪೆಡೊ ತಗುಲಿ 18 ನಿಮಿಷಗಳಲ್ಲಿ ಮುಳುಗಿದ ಲುಸಿಟಾನಿಯಾದಲ್ಲಿ 48 ದೋಣಿಗಳಿದ್ದವು, ನೆಟ್ಟಗೆ ನೀರು ಮುಟ್ಟಿ ದೂರ ಸರಿದವು 6 ಮಾತ್ರ. ಈಗಿನ ಡೇವಿಟ್‌ಗಳು, ಅಂದರೆ ದೋಣಿಯನ್ನು ಹಿಡಿದುಕೊಂಡು ಹೊರಕ್ಕೆ ಚಾಚುವ ಉಕ್ಕಿನ ತೋಳುಗಳು, ಹಡಗು ಯಾವ ಕಡೆಗೆ 20 ಡಿಗ್ರಿ ವಾಲಿದ್ದರೂ, ಉದ್ದಕ್ಕೆ 10 ಡಿಗ್ರಿ ತಗ್ಗಿದ್ದರೂ ಕೆಲಸ ಮಾಡಬೇಕು, ಅದೂ ಹಡಗಿನ ವಿದ್ಯುತ್ತಿನ ಹಂಗಿಲ್ಲದೆ, ದೋಣಿಯ ಸ್ವಂತ ತೂಕದಿಂದ ಅಥವಾ ಮೊದಲೇ ಕೂಡಿಟ್ಟ ಯಾಂತ್ರಿಕ ಶಕ್ತಿಯಿಂದಲೇ. ನಾವು ಹತ್ತಿದ ಹಡಗಿನ ಡೇವಿಟ್‌ಗಳನ್ನು ಮೊದಲ ದಿನವೇ ಒಂದು ಸುತ್ತು ನೋಡಿಬಂದೆ. ಬಣ್ಣದ ಕೆಳಗೆ ತುಕ್ಕು ಉಬ್ಬಿರಲಿಲ್ಲ, ಗಾಲಿಗಳ ಅಂಚಿನಲ್ಲಿ ಹೊಸ ಗ್ರೀಸು ಇತ್ತು, ಹಳೆಯ ಗ್ರೀಸನ್ನು ಒರೆಸದೆ ಅದರ ಮೇಲೆಯೇ ಮೆತ್ತುವ ಸೋಮಾರಿತನ ಕಾಣಲಿಲ್ಲ. ಮದುವೆಗೆ ಹೆಣ್ಣು ನೋಡಲು ಬಂದವರ ಹಾಗೆ ಏನು ನೋಡುತ್ತೀರಿ ಎಂದು ಹೆಂಡತಿ ನಕ್ಕಳು.

ನನ್ನ ದೂರು ಇರುವುದು ಅದೇ ಸಂಜೆ ನಡೆದ, ಅಥವಾ ನಡೆಯದೇ ಹೋದ, ಮಸ್ಟರ್ ಕುರಿತು. ಅಪಾಯದ ಸೂಚನೆ ಬಂದಾಗ ಪ್ರಯಾಣಿಕರು ತಮಗೆ ಗೊತ್ತುಮಾಡಿದ ಜಾಗದಲ್ಲಿ ಬಂದು ನಿಲ್ಲುವುದಕ್ಕೆ ಮಸ್ಟರ್ ಎನ್ನುತ್ತಾರೆ. ಮೊದಲು ಇದನ್ನು ಹಡಗು ಹತ್ತಿದ 24 ಗಂಟೆಗಳೊಳಗೆ ಮಾಡಿಸಿದರೆ ಸಾಕಿತ್ತು. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲ್ಯೊ ದ್ವೀಪದ ಬಳಿ ಕೋಸ್ಟಾ ಕಾನ್ಕಾರ್ಡಿಯಾ ಬಂಡೆಗೆ ತಾಗಿದಾಗ, ಅದೇ ಸಂಜೆ ಹತ್ತಿದ್ದ ನೂರಾರು ಪ್ರಯಾಣಿಕರಿಗೆ ತಮ್ಮ ಜಾಗ ಯಾವುದೆಂದೇ ಗೊತ್ತಿರಲಿಲ್ಲ. ಹಡಗು ಬಿಡುವ ಆದೇಶ ಬಂದದ್ದು ಬಂಡೆ ತಾಗಿ ಒಂದು ಗಂಟೆ ಕಳೆದ ಮೇಲೆ, ಅಷ್ಟರಲ್ಲಿ ಹಡಗು ವಾಲತೊಡಗಿತ್ತು, 32 ಜನ ಸತ್ತರು. ಆ ಬಳಿಕ ನಿಯಮ ಬದಲಾಗಿ, 2015ರ ಜನವರಿ 1ರಿಂದ ಹಡಗು ಹೊರಡುವ ಮುಂಚೆ ಅಥವಾ ಹೊರಟ ಕೂಡಲೇ ಮಸ್ಟರ್ ನಡೆಯಲೇಬೇಕು ಎಂದಾಯಿತು.

ನಡೆಯಿತು, ಕಾಗದದ ಮೇಲೆ. ಕೋವಿಡ್ ನಂತರ ಹಲವು ಕಂಪನಿಗಳು ಜನರನ್ನು ಒಟ್ಟಿಗೆ ನಿಲ್ಲಿಸುವ ಬದಲು ಮೊಬೈಲಿನಲ್ಲೋ ಕೋಣೆಯ ಟಿವಿಯಲ್ಲೋ ವಿಡಿಯೊ ತೋರಿಸಿ, ಆಮೇಲೆ ಒಬ್ಬೊಬ್ಬರಾಗಿ ಮಸ್ಟರ್ ಜಾಗಕ್ಕೆ ಹೋಗಿ ಕಾರ್ಡ್ ಮುಟ್ಟಿಸಿ ಬರುವ ಪದ್ಧತಿ ತಂದಿವೆ. ಪದ್ಧತಿಯಲ್ಲಿ ತಪ್ಪಿಲ್ಲ, 2,000 ಜನರನ್ನು ಬಿಸಿಲಿನಲ್ಲಿ ಮುಕ್ಕಾಲು ಗಂಟೆ ನಿಲ್ಲಿಸಿದರೆ ಅವರು ಕೇಳಿಸಿಕೊಳ್ಳುವುದಿಲ್ಲ, ಬೈಯುತ್ತಾರೆ, ಅದನ್ನು ಹನ್ನೊಂದು ವರ್ಷ ಕಂಡಿದ್ದೇನೆ. ಆದರೆ ನಮ್ಮ ಕೋಣೆಯಲ್ಲಿ ವಿಡಿಯೊ ಓಡುತ್ತಿದ್ದಾಗ ಹೆಂಡತಿ ನಿದ್ದೆ ಮಾಡುತ್ತಿದ್ದಳು, ಮಗಳು ಸೂಟ್‌ಕೇಸ್ ಬಿಚ್ಚುತ್ತಿದ್ದಳು, ಮೊಮ್ಮಗ ಹಾಸಿಗೆಯ ಮೇಲೆ ಕುಣಿಯುತ್ತಿದ್ದ; ಆದರೂ ನಾಲ್ಕು ಹಸಿರು ಗುರುತುಗಳು ಬಿದ್ದವು. ಮಸ್ಟರ್ ಜಾಗದಲ್ಲಿದ್ದ ಹುಡುಗಿ ಕಾರ್ಡುಗಳನ್ನು ಮುಟ್ಟಿಸಿಕೊಂಡು ಮುಗುಳ್ನಕ್ಕಳೇ ಹೊರತು, ಏಳು ಚಿಕ್ಕ ಸದ್ದು ಮತ್ತು ಒಂದು ದೀರ್ಘ ಸದ್ದು ಕೇಳಿದರೆ ಏನು ಮಾಡುತ್ತೀರಿ ಎಂದು ಒಬ್ಬರನ್ನೂ ಕೇಳಲಿಲ್ಲ. ಲೈಫ್ ಜಾಕೆಟ್ಟಿನ ಪಟ್ಟಿಯನ್ನು ಎಳೆದು ಬಿಗಿದು ತೋರಿಸುವ ಕೆಲಸ ಗೊಂಬೆಯ ಪಾಲಿಗೆ ಬಂದಿತ್ತು. ಇದಕ್ಕಿಂತ ಹೆಚ್ಚು ಬೇಸರ ತಂದದ್ದು ಮೊಮ್ಮಗನ ಜಾಕೆಟ್. ಕೋಣೆಯಲ್ಲಿ ದೊಡ್ಡವರ ನಾಲ್ಕು ಜಾಕೆಟ್‌ಗಳಿದ್ದವು, ಐದು ವರ್ಷದ ಹುಡುಗನದ್ದು ಇರಲಿಲ್ಲ. ಮೂರು ಸಲ ಫೋನ್ ಮಾಡಿದ ಮೇಲೆ, ಸಿಂಗಪುರದ ದೀಪಗಳು ಹಿಂದೆ ಬಿದ್ದು ಎರಡು ಗಂಟೆಯಾದ ಮೇಲೆ ಅದು ಬಂತು.

ತಂದುಕೊಟ್ಟವನು ಕುಂದಾಪುರ ಕಡೆಯ ಹುಡುಗ. ನಮ್ಮ ಮಾತು ಕೇಳಿ ಬಾಗಿಲಲ್ಲೇ ನಿಂತ. ‘ನೀವು ಊರ ಬದಿಯವರಾ ಅಂಕಲ್?’ ಎಂದ. ‘ಹೌದು ಮಾರಾಯ. ಇದನ್ನು ಹಡಗು ಬಿಡುವ ಮುಂಚೆ ಕೊಡಬೇಕಿತ್ತಲ್ಲ?’ ಎಂದೆ. ತಲೆ ತಗ್ಗಿಸಿ, ‘ಇವತ್ತು ಮಕ್ಕಳು ಜಾಸ್ತಿ ಅಂಕಲ್, ನಮ್ಮ ಡೆಕ್ಕಿನ ಪೆಟ್ಟಿಗೆ ಖಾಲಿ ಆಗಿತ್ತು, ಕೆಳಗಿನಿಂದ ತಂದೆ’ ಎಂದ. ಅವನ ತಪ್ಪಲ್ಲ. ಆದರೆ ಎಷ್ಟು ಮಕ್ಕಳು ಬರುತ್ತಿದ್ದಾರೆ, ಯಾವ ಕೋಣೆಗೆ ಬರುತ್ತಿದ್ದಾರೆ ಎಂಬುದು ಟಿಕೆಟ್ ಮಾರಿದ ದಿನವೇ ಕಂಪನಿಗೆ ತಿಳಿದಿರುತ್ತದೆ. ದೋಣಿಗಳಿಗೆ ಐದರಲ್ಲಿ ಅರ್ಧ ಅಂಕ ಕಳೆದದ್ದು ಇಲ್ಲಿ.

ಮರುದಿನ ಕಳೆದು ಪೆನಾಂಗ್ ತಲುಪಿದೆವು. ಜಾರ್ಜ್ ಟೌನಿನ ಸ್ವೆಟನ್‌ಹ್ಯಾಮ್ ಧಕ್ಕೆಗೆ ಹಡಗು ಕಟ್ಟಿದ ಮೇಲೆ ಮನೆಯವರೆಲ್ಲ ಊರು ನೋಡಲು ಇಳಿದರು, ನಾನು ಮಂಡಿನೋವಿನ ನೆಪ ಹೇಳಿ ಉಳಿದೆ. ನಿಜವಾದ ಕಾರಣ ಬೇರೆ. ಪ್ರಯಾಣಿಕರ ಹಡಗಿನಲ್ಲಿ ಸಿಬ್ಬಂದಿಯ ಡ್ರಿಲ್ ವಾರಕ್ಕೊಮ್ಮೆ ನಡೆಯಬೇಕು, ಒಂದೊಂದು ದೋಣಿಯೂ ಮೂರು ತಿಂಗಳಿಗೊಮ್ಮೆಯಾದರೂ ನೀರಿಗಿಳಿದು ಓಡಬೇಕು, ಮತ್ತು ಇದಕ್ಕೆ ಅವರು ಆರಿಸಿಕೊಳ್ಳುವುದು ಪ್ರಯಾಣಿಕರು ಊರು ಸುತ್ತಲು ಹೋದ ಹೊತ್ತನ್ನೇ. ಒಂಬತ್ತೂವರೆಗೆ ಧ್ವನಿವರ್ಧಕದಲ್ಲಿ ಸಿಬ್ಬಂದಿಗೆ ಮಾತ್ರ ಎಂಬ ಪ್ರಕಟಣೆ ಬಂತು. ಸಮುದ್ರದ ಪಕ್ಕದಲ್ಲಿ, ಎಂಟನೆಯ ದೋಣಿಗೆ ಎರಡು ಅಂತಸ್ತು ಮೇಲೆ, ತುಸು ಮುಂದಕ್ಕೆ ಇದ್ದ ರೇಲಿಂಗಿನ ಬಳಿ ಕಾಫಿ ಹಿಡಿದು ನಿಂತೆ. ನನ್ನ ಜೊತೆ ಇನ್ನೂ ನಾಲ್ಕೈದು ಜನ ಸೇರಿದರು.

ದೋಣಿ ಇಳಿಸುವುದನ್ನು ನೋಡುವವರು ಸಾಮಾನ್ಯವಾಗಿ ಗಡಿಯಾರ ನೋಡುತ್ತಾರೆ. ನಿಯಮದಲ್ಲೂ ಗಡಿಯಾರವಿದೆ: ಎಲ್ಲರೂ ಜಾಕೆಟ್ ತೊಟ್ಟು ಸೇರಿದ ಮೇಲೆ, ಹಡಗು ಬಿಡುವ ಸೂಚನೆ ಬಂದ 30 ನಿಮಿಷಗಳೊಳಗೆ ಎಲ್ಲ ದೋಣಿ ರಾಫ್ಟುಗಳೂ ಪೂರ್ತಿ ಜನರನ್ನು ಹೊತ್ತು ನೀರಿಗಿಳಿಯುವಂತಿರಬೇಕು. ಆದರೆ ಡ್ರಿಲ್ಲಿನ ದಿನ ಆತುರ ತೋರಿಸುವ ಹಡಗನ್ನು ಕಂಡರೆ ನನಗೆ ಹೆದರಿಕೆ. ಬ್ರಿಟನ್ನಿನ ಸಮುದ್ರ ಅಪಘಾತ ತನಿಖಾ ಇಲಾಖೆ 2001ರಲ್ಲಿ ಹತ್ತು ವರ್ಷಗಳ ತನ್ನ ದಾಖಲೆಗಳನ್ನು ತೆಗೆದು ನೋಡಿದಾಗ, ಲೈಫ್‌ಬೋಟ್ ಮತ್ತು ಅದನ್ನು ಇಳಿಸುವ ಸಾಧನಗಳ ಅವಘಡಗಳಲ್ಲಿ 12 ನಾವಿಕರು ಸತ್ತು 87 ಜನ ಗಾಯಗೊಂಡಿದ್ದರು. ಹಡಗು ಮುಳುಗುವಾಗ ಆದದ್ದಲ್ಲ. ಅಭ್ಯಾಸ ಮಾಡುವಾಗ, ರಿಪೇರಿ ನೋಡುವಾಗ. ನನ್ನ ಎಡಗೈಯ ಕಿರುಬೆರಳು ಅರ್ಧವೇ ಇರುವುದಕ್ಕೂ 1994ರ ಒಂದು ಡ್ರಿಲ್ಲೇ ಕಾರಣ. ದೋಣಿಯನ್ನು ಬಿಗಿದ ಪಟ್ಟಿ ಬಿಚ್ಚುವ ಮುಂಚೆ ಯಾರು ಬಿಚ್ಚುತ್ತಾರೆಂದು ಗಟ್ಟಿಯಾಗಿ ಹೇಳಿರಲಿಲ್ಲ, ಇಬ್ಬರೂ ಒಟ್ಟಿಗೆ ಕೈ ಹಾಕಿದ್ದೆವು.

ಇಲ್ಲಿ ಹಾಗಾಗಲಿಲ್ಲ. ಹಳದಿ ಹೆಲ್ಮೆಟ್ಟಿನ ಅಧಿಕಾರಿ, ವಯಸ್ಸು ಮೂವತ್ತೂ ಇರಲಿಕ್ಕಿಲ್ಲ, ಪ್ಲಾಸ್ಟಿಕ್ ಹೊದಿಸಿದ ಹಾಳೆಯೊಂದನ್ನು ಕೈಯಲ್ಲಿ ಹಿಡಿದು ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿದಳು. ಆ ಸಾಲಿನ ಕೆಲಸ ಮಾಡಬೇಕಾದ ಆಳು ಕೈಯೆತ್ತಿ ಅದನ್ನೇ ತಿರುಗಿ ಹೇಳಿದ. ಬಾಯಿಪಾಠ ಬಂದಿರುವ ಕೆಲಸವನ್ನೂ ಹಾಳೆ ನೋಡಿಯೇ ಓದಬೇಕೆಂಬುದು ಈ ಕಸುಬಿನ ಶಿಸ್ತು, ಏಕೆಂದರೆ ಬಾಯಿಪಾಠದಲ್ಲಿ ಒಂದು ಸಾಲು ಜಾರಿದರೆ ಜಾರಿದ್ದು ಗೊತ್ತಾಗುವುದಿಲ್ಲ. ಇಬ್ಬರು ಒಳಗೆ ಹೋಗಿ ದೋಣಿಯ ತಳದ ನೀರು ಬಸಿಯುವ ತೂತಿಗೆ ಬಿರಟೆ ಹಾಕಿದೆ ಎಂದು ಕೂಗಿದರು. ಮಳೆನೀರು ನಿಲ್ಲದಿರಲೆಂದು ಮೇಲಿರುವಾಗ ಅದನ್ನು ತೆಗೆದಿಟ್ಟಿರುತ್ತಾರೆ, ಹಾಕಲು ಮರೆತು ಇಳಿಸಿದರೆ ದೋಣಿಯೊಳಗೆ ಕಾಲು ತೋಯುತ್ತದೆ. ಬ್ಯಾಟರಿಗೆ ಹಡಗಿನಿಂದ ಬಂದಿದ್ದ ಚಾರ್ಜಿಂಗ್ ತಂತಿಯನ್ನು ಕಿತ್ತರು. ಚುಕ್ಕಾಣಿಯನ್ನು ಎಡ ಕೊನೆಗೂ ಬಲ ಕೊನೆಗೂ ತಿರುಗಿಸಿ ನೋಡಿದರು. ಎಂಜಿನ್ ಮೊದಲ ಯತ್ನಕ್ಕೇ ಹತ್ತಿತು, ಕಪ್ಪು ಹೊಗೆ ಎರಡು ಸಲ ಉಗುಳಿ ಆಮೇಲೆ ತಿಳಿಯಾಯಿತು. ನೀರಿನ ತಂಪು ಇಲ್ಲದೆಯೂ 5 ನಿಮಿಷ ಓಡುವ ತಾಕತ್ತು ಅದಕ್ಕಿರಬೇಕು, ಇವರು ಎರಡು ನಿಮಿಷಕ್ಕೆ ನಿಲ್ಲಿಸಿದರು. ದೋಣಿಯ ಮುಂಭಾಗದಿಂದ ಹೊರಟ ಪೇಂಟರ್ ಹಗ್ಗವನ್ನು ಎಲ್ಲ ಕಂಬಿಗಳ ಹೊರಗಿನಿಂದ ತಂದು, ಹಡಗಿನ ಮುಂದಕ್ಕೆ ದೂರದಲ್ಲಿ ಕಟ್ಟಿದರು. ಒಳಗಿನಿಂದ ತಂದಿದ್ದರೆ ದೋಣಿ ಇಳಿಯುವಾಗ ಆ ಹಗ್ಗವೇ ಕಂಬಿಗೆ ಸಿಕ್ಕಿ ಅದನ್ನು ಓರೆ ಮಾಡುತ್ತದೆ.

ಒಳಗಿದ್ದ ಇಬ್ಬರೂ ಹೊರಬಂದರು. ಇದನ್ನು ವಿಶೇಷವಾಗಿ ಬರೆಯುತ್ತಿದ್ದೇನೆ. ಒಳಗೆ ಒಬ್ಬರೂ ಇಲ್ಲದಂತೆ ಮೊದಲು ಖಾಲಿ ದೋಣಿಯನ್ನು ಇಳಿಸಿ ಎತ್ತಿ ನೋಡಿ, ಎಲ್ಲ ಸರಿಯಿದ್ದರೆ ಮಾತ್ರ ಜನರನ್ನು ಕೂರಿಸಿ ಎಂಬ ಬುದ್ಧಿ ಸಮುದ್ರಲೋಕಕ್ಕೆ ಬಂದದ್ದು ಬಹಳ ಹೆಣಗಳು ಬಿದ್ದ ಮೇಲೆ. ನಮ್ಮ ಕಾಲದಲ್ಲಿ ಖಾಲಿ ಇಳಿಸೋಣವೇ ಎಂದರೆ ಪುಕ್ಕಲ ಎನ್ನುತ್ತಿದ್ದರು. ದೋಣಿಯನ್ನು ಬಿಗಿದಿದ್ದ ಗ್ರೈಪ್ ಪಟ್ಟಿಗಳನ್ನು ಮುಂದೊಬ್ಬ ಹಿಂದೊಬ್ಬ ಬಿಚ್ಚಿದರು. ಡೇವಿಟ್ಟಿನ ಬೀಗದ ಪಿನ್ನುಗಳನ್ನು ತೆಗೆದು, ಎರಡೂ ಕಾಣುವಂತೆ ತಲೆಯ ಮೇಲೆ ಎತ್ತಿ ಹಿಡಿದರು. ಅಧಿಕಾರಿ ರೇಲಿಂಗಿನಿಂದ ಬಗ್ಗಿ ಕೆಳಗೆ ನೋಡಿದಳು. ಹಡಗಿನ ನೆರಳಿನಲ್ಲಿ ಮೀನುಗಾರನೊಬ್ಬ ಚಿಕ್ಕ ದೋಣಿಯಲ್ಲಿ ಗಾಳ ಹಾಕಿ ಕೂತಿದ್ದ. ಅವನು ಗಾಳ ಸುತ್ತಿಕೊಂಡು ಹೊರಡುವ ತನಕ ಹನ್ನೊಂದು ಜನ ಕೈಕಟ್ಟಿ ನಿಂತರು.

ಆಮೇಲೆ ದೋಣಿಯನ್ನು ಇಳಿಸಿ ಎತ್ತುವ ಯಂತ್ರವಾದ ವಿಂಚಿನ ಬ್ರೇಕ್ ಸನ್ನೆಯನ್ನು ಮೆಲ್ಲಗೆ ಎತ್ತಿದರು. ಭಾರವಿರುವ ಈ ಸನ್ನೆಯನ್ನು ಎತ್ತಿ ಹಿಡಿದಷ್ಟು ಹೊತ್ತು ಮಾತ್ರ ದೋಣಿ ಇಳಿಯುತ್ತದೆ, ಕೈಬಿಟ್ಟರೆ ತಾನಾಗಿ ಬಿದ್ದು ಬ್ರೇಕ್ ಹಿಡಿಯುತ್ತದೆ. ದೋಣಿ ಇಳಿಯುವ ವೇಗಕ್ಕೂ ಒಂದು ಸೂತ್ರವಿದೆ: ಪೂರ್ತಿ ಭಾರ ಹೊತ್ತಾಗ ಅದು ಸೆಕೆಂಡಿಗೆ 0.4 ಮೀಟರಿಗೆ ಎತ್ತರದ ಪ್ರತಿ ಮೀಟರಿಗೂ 0.02 ಸೇರಿಸಿದಷ್ಟಾದರೂ ಇರಬೇಕು. ಅಂದರೆ 20 ಮೀಟರ್ ಎತ್ತರದಿಂದ ಸೆಕೆಂಡಿಗೆ 0.8 ಮೀಟರ್, ಒಟ್ಟು ಅರ್ಧ ನಿಮಿಷದೊಳಗಿನ ಮಾತು. ಇವರು ನಡುವೆ ಒಮ್ಮೆ ಸನ್ನೆ ಬಿಟ್ಟು ಬ್ರೇಕ್ ಹಿಡಿಯುತ್ತದೆಯೇ ಎಂದು ನೋಡಿದರು. ನೀರಿಗೆ ಮಾರುದ್ದ ಮೇಲೆ ನಿಲ್ಲಿಸಿ, ಮತ್ತೆ ಎತ್ತಿದರು. ದೋಣಿ ಮೇಲೆ ಬರುವಾಗ ಒಬ್ಬ ಆಳು ಲಿಮಿಟ್ ಸ್ವಿಚ್ಚನ್ನು ಕೈಯಿಂದಲೇ ಒತ್ತಿ ಮೋಟಾರು ನಿಲ್ಲುವುದನ್ನು ಖಚಿತ ಮಾಡಿಕೊಂಡ. ಅದು ಕೈಕೊಟ್ಟರೆ ಡೇವಿಟ್ ತೋಳುಗಳು ತಡೆಗೆ ಬಡಿದ ಮೇಲೂ ಮೋಟಾರು ಎಳೆಯುತ್ತಲೇ ಇದ್ದು ದೋಣಿ ತೂಗುವ ಉಕ್ಕಿನ ತಂತಿಯನ್ನೇ ಹರಿದುಬಿಡುತ್ತದೆ.

ಖಾಲಿ ದೋಣಿ ಹೋಗಿಬಂದ ಮೇಲೆ ನಾಲ್ವರು ಹತ್ತಿದರು, ಬೆಲ್ಟ್ ಕಟ್ಟಿಕೊಂಡರು, ಇಳಿದರು, ನೀರು ಮುಟ್ಟಿದ ಮೇಲೆ ದೋಣಿಯನ್ನು ತಂತಿಗಳಿಗೆ ಸಿಕ್ಕಿಸಿದ್ದ ಹಿಂದು ಮುಂದಿನ ಎರಡೂ ಹುಕ್ಕುಗಳು ಒಟ್ಟಿಗೆ ಬಿಟ್ಟುಕೊಂಡವು, ದೋಣಿ ಕಾಲು ಗಂಟೆ ಸುತ್ತು ಹಾಕಿತು. ಅದನ್ನು ನೋಡಿ ಚಪ್ಪಾಳೆ ತಟ್ಟಿದ ನನ್ನ ಪಕ್ಕದವರಿಗೆ ಆಟ ಮುಗಿಯಿತೆನ್ನಿಸಿತು. ನಾನು ಕಾಯುತ್ತಿದ್ದದ್ದು ಹಿಂತಿರುಗುವುದಕ್ಕೆ, ಏಕೆಂದರೆ ದೋಣಿಯ ಕೆಲಸದಲ್ಲಿ ಮನುಷ್ಯರನ್ನು ಹೆಚ್ಚು ಕೊಂದಿರುವುದು ಹುಕ್ಕು, ಮತ್ತು ಹುಕ್ಕು ಕೈಕೊಡುವುದು ಅದನ್ನು ಮರಳಿ ಸಿಕ್ಕಿಸಿ ಎತ್ತುವಾಗ.

ಇದರ ಹಿನ್ನೆಲೆ ತುಸು ಹೇಳಬೇಕು. ಅಲೆಗಳ ಮೇಲೆ ದೋಣಿ ಕುಣಿಯುತ್ತಿರುವಾಗ ಮುಂದಿನ ಹುಕ್ಕು ಬಿಟ್ಟು ಹಿಂದಿನದು ಬಿಡದಿದ್ದರೆ ದೋಣಿ ತೂಗಿಬೀಳುತ್ತದೆ. ಆದ್ದರಿಂದ ಭಾರವಿದ್ದಾಗಲೂ ಎರಡೂ ಒಟ್ಟಿಗೆ ಬಿಟ್ಟುಕೊಳ್ಳುವ ಆನ್-ಲೋಡ್ ಹುಕ್ಕುಗಳನ್ನು, 1986ರ ಜುಲೈ 1ರಿಂದ ಕಟ್ಟುವ ಹಡಗುಗಳಿಗೆ ಕಡ್ಡಾಯ ಮಾಡಿದರು. ಉದ್ದೇಶ ಒಳ್ಳೆಯದೇ. ಆದರೆ ಹಳೆಯ ವಿನ್ಯಾಸಗಳಲ್ಲಿ ಹುಕ್ಕನ್ನು ಮುಚ್ಚಿ ಹಿಡಿಯುವ ಒಳಗಿನ ತುಂಡು, ಅಂದರೆ ಕ್ಯಾಮ್, ಪೂರ್ತಿ ತಿರುಗಿ ಕೂರದಿದ್ದರೂ ಹುಕ್ಕು ಮುಚ್ಚಿದಂತೆಯೇ ಕಾಣುತ್ತಿತ್ತು, ದೋಣಿ ಏಳುತ್ತಿತ್ತು, ಹತ್ತು ಮೀಟರ್ ಮೇಲೆ ಹೋದಾಗ ತಾನಾಗಿ ತೆರೆದುಕೊಳ್ಳುತ್ತಿತ್ತು. 2009ರಲ್ಲಿ ಅಂತಾರಾಷ್ಟ್ರೀಯ ಸಮುದ್ರಯಾನ ಸಂಸ್ಥೆ ತಾತ್ಕಾಲಿಕ ಉಪಾಯವಾಗಿ, ಹುಕ್ಕು ಬಿಟ್ಟುಕೊಂಡರೂ ದೋಣಿಯನ್ನು ಹಿಡಿದುಕೊಳ್ಳುವ ಫಾಲ್ ಪ್ರಿವೆಂಟರ್ ಪಟ್ಟಿಗಳನ್ನು ಸೂಚಿಸಿತು. ಆಮೇಲೆ ಹಳೆಯ ಹುಕ್ಕುಗಳನ್ನೆಲ್ಲ ಪರೀಕ್ಷಿಸಿ, ತೇರ್ಗಡೆಯಾಗದವನ್ನು 2014ರ ಜುಲೈ 1ರ ನಂತರ ಹಡಗನ್ನು ರಿಪೇರಿಗೆಂದು ನೀರಿನಿಂದ ಹೊರಗಿಡುವ ಮೊದಲ ಡ್ರೈಡಾಕಿನಲ್ಲಿ, ಹೇಗೂ 2019ರ ಜುಲೈ 1ರೊಳಗೆ ಬದಲಿಸಬೇಕೆಂದಿತು.

ಎಂಟನೆಯ ದೋಣಿ ಹಡಗಿನ ಪಕ್ಕಕ್ಕೆ ಬಂತು. ತಂತಿಗಳ ತುದಿಯಲ್ಲಿ ತೂಗುತ್ತಿದ್ದ ಭಾರಿ ಬ್ಲಾಕುಗಳನ್ನು ಉದ್ದ ಕೋಲಿನ ಕೊಕ್ಕೆಯಿಂದ ಎಳೆದುಕೊಂಡು, ತಲೆ ಬಗ್ಗಿಸಿಕೊಂಡು, ಹಿಂದೆ ಮುಂದೆ ಎರಡೂ ಕಡೆ ಹುಕ್ಕಿಗೆ ಸಿಕ್ಕಿಸಿದರು, ಫಾಲ್ ಪ್ರಿವೆಂಟರ್ ಪಟ್ಟಿಗಳನ್ನೂ ಹಾಕಿದರು. ವಿಂಚ್ ಎತ್ತತೊಡಗಿತು. ನೀರಿನಿಂದ ಒಂದು ಮೊಳ ಮೇಲೆ ಬಂದಿತೋ ಇಲ್ಲವೋ, ಅಧಿಕಾರಿಯ ಕೈ ಮೇಲೆದ್ದು ಮುಷ್ಟಿಯಾಯಿತು. ನಿಂತಿತು. ದೋಣಿಯ ಹಿಂಭಾಗದಲ್ಲಿದ್ದವನು ಬಗ್ಗಿ ಹುಕ್ಕಿನ ಬದಿಯ ಗುರುತನ್ನು ನೋಡಿದ, ಇನ್ನೊಮ್ಮೆ ನೋಡಿದ, ತಲೆಯಾಡಿಸಿದ. ದೋಣಿಯನ್ನು ಮತ್ತೆ ನೀರಿಗೆ ಇಳಿಸಿದರು.

‘ಒಂದು ದೋಣಿ ಎತ್ತಲಿಕ್ಕೂ ಬರುವುದಿಲ್ಲ, ಇವರನ್ನು ನಂಬಿ ನಾವು ಬಂದಿದ್ದೇವೆ’ ಎಂದು ನನ್ನ ಪಕ್ಕದಲ್ಲಿದ್ದ ಬೆಂಗಳೂರಿನ ಹಿರಿಯರೊಬ್ಬರು ಹೆಂಡತಿಗೆ ಹೇಳಿ ನಕ್ಕರು. ಈ ಹಡಗಿನ ದೋಣಿಗಳಿಗೆ ನಾನು ಕೊಟ್ಟ ನಾಲ್ಕೂವರೆ ಅಂಕಗಳಲ್ಲಿ ಮೂರಾದರೂ ಆ ಒಂದು ಮುಷ್ಟಿಗೆ ಸಂದದ್ದು ಎಂದು ಅವರಿಗೆ ಆಗಲೇ ಹೇಳಬೇಕಿತ್ತು. ಹೇಳಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ. ಮೇಲೆ ಹನ್ನೊಂದು ಜನರ ಕಣ್ಣು, ಹಡಗು ನಡೆಸುವ ಬ್ರಿಡ್ಜ್ ಕೋಣೆಯಿಂದ ಕ್ಯಾಪ್ಟನ್ನನ ಕಣ್ಣು, ಪ್ರಯಾಣಿಕರ ನಗೆ, ಇವೆಲ್ಲದರ ನಡುವೆ ಹಿಂದಿನ ಹುಕ್ಕಿನ ಗುರುತು ಗೆರೆಗೆ ಗೆರೆ ಕೂಡಿಲ್ಲ ಎಂದು ತಲೆಯಾಡಿಸಿದ ಆ ಕಲಾಸಿಯೂ, ಅವನ ತಲೆಯಾಟಕ್ಕೆ ಎರಡನೆಯ ಪ್ರಶ್ನೆ ಕೇಳದೆ ದೋಣಿಯನ್ನು ಇಳಿಸಿದ ಆ ಹುಡುಗಿಯೂ ಇರುವ ಹಡಗಿನಲ್ಲಿ ನಾನು ನಿಶ್ಚಿಂತೆಯಿಂದ ಮಲಗುತ್ತೇನೆ. ಹುಕ್ಕನ್ನು ಬಿಡಿಸಿ, ಅದರ ಸನ್ನೆಯನ್ನು ಕೊನೆಯವರೆಗೆ ತಿರುಗಿಸಿ ಮತ್ತೆ ಕೂರಿಸಿ, ಮತ್ತೆ ಒಂದು ಮೊಳ ಎತ್ತಿ, ಮತ್ತೆ ನೋಡಿ, ಆಮೇಲೆ ಎತ್ತಿದರು. ಒಟ್ಟು ಆರು ನಿಮಿಷ ಹೆಚ್ಚಾಯಿತು. ಕೊನೆಯ ಗೇಣನ್ನು ಮೋಟಾರು ನಿಲ್ಲಿಸಿ, ಹಿಡಿಕೆ ಹಾಕಿ ಕೈಯಿಂದಲೇ ಸುತ್ತಿದರು.

ಮಧ್ಯಾಹ್ನ ಬೋಸನ್ನನ್ನು ಹುಡುಕಿ ಪರಿಚಯ ಮಾಡಿಕೊಂಡೆ. ಫಿಲಿಪೈನ್ಸಿನವರು, ನನ್ನ ಬೆರಳನ್ನು ನೋಡಿದ ಮೇಲೆ ಮಾತಿಗೆ ಸಡಿಲವಾದರು. ತಂತಿಗಳ ವಯಸ್ಸು ಕೇಳಿದೆ. ಎರಡು ವರ್ಷ ಎಂದರು. ನಿಯಮ ಅನುಮತಿಸುವುದು 5 ವರ್ಷ. ಅದಕ್ಕೆ ಮುಂಚೆಯೇ ಕೆಟ್ಟರೆ ಆಗಲೇ ಬದಲಿಸಬೇಕು. ಇಬ್ಬರ ಬಾಯಿಂದಲೂ ಒಟ್ಟಿಗೆ ಬಂದದ್ದು ಥಾಮ್ಸನ್ ಮೆಜೆಸ್ಟಿ ಎಂಬ ಕ್ರೂಸ್ ಹಡಗಿನ ಹೆಸರು. 2013ರ ಫೆಬ್ರವರಿ 10ರಂದು ಕೆನರಿ ದ್ವೀಪಗಳ ಸಾಂತಾ ಕ್ರೂಸ್ ದೆ ಲಾ ಪಾಲ್ಮಾ ಬಂದರಿನಲ್ಲಿ, ಇಂಥದ್ದೇ ಒಂದು ಡ್ರಿಲ್ ಮುಗಿಸಿ ದೋಣಿಯನ್ನು ಎತ್ತುವಾಗ ಮುಂದಿನ ತಂತಿ ಹರಿದು, ದೋಣಿ ಬುಡಮೇಲಾಗಿ ಬಿದ್ದು ಐವರು ಸಿಬ್ಬಂದಿ ಸತ್ತರು. ದೋಣಿ ತಂಗಿರುವಾಗ ಡೇವಿಟ್ಟಿನ ತುದಿಯ ಗಾಲಿಯ ಮೇಲೆ ಒರಗಿರುವ ಭಾಗದಲ್ಲೇ ಆ ತಂತಿ ತುಕ್ಕು ಹಿಡಿದಿತ್ತು. ಹೊರಗೆ ಬಳಿದ ಗ್ರೀಸು ಎಳೆಗಳ ಒಳಗೆ ಇಳಿಯುವುದಿಲ್ಲ, ಮತ್ತು ಗಾಲಿಯ ಮೇಲೆ ಕೂತ ಭಾಗ ಕಣ್ಣಿಗೆ ಬೀಳುವುದಿಲ್ಲ. ‘ನಾವು ತಿಂಗಳಿಗೊಮ್ಮೆ ದೋಣಿಯನ್ನು ಒಂದು ಮಾರು ಇಳಿಸಿ, ಆ ಭಾಗವನ್ನು ಹೊರಗೆ ತಂದು ಬಟ್ಟೆಯಿಂದ ಒರೆಸಿ ನೋಡುತ್ತೇವೆ’ ಎಂದರು. ಬಟ್ಟೆಯೇ ಏಕೆಂದರೆ, ಒಂದು ಎಳೆ ಮುರಿದಿದ್ದರೂ ಅದಕ್ಕೆ ನೂಲು ಸಿಕ್ಕಿಕೊಳ್ಳುತ್ತದೆ.

ಫುಕೆಟ್‌ನಲ್ಲಿ ಹಡಗು ಧಕ್ಕೆಗೆ ಹೋಗದೆ ಪಟಾಂಗ್ ಕೊಲ್ಲಿಯಲ್ಲಿ ಲಂಗರು ಹಾಕಿ, ಟೆಂಡರ್ ಆಗಿಯೂ, ಅಂದರೆ ಹಡಗಿಗೂ ದಡಕ್ಕೂ ನಡುವೆ ಜನರನ್ನು ಸಾಗಿಸಲೂ, ಬಳಕೆಯಾಗುವ ತನ್ನದೇ ನಾಲ್ಕು ಲೈಫ್‌ಬೋಟುಗಳಲ್ಲಿ ನಮ್ಮನ್ನು ದಡಕ್ಕೆ ಸಾಗಿಸಿತು. ಇದು ಸಾಮಾನ್ಯ ಪ್ರಯಾಣಿಕರಿಗೂ ಲೈಫ್‌ಬೋಟಿನ ಒಳಗೆ ಕೂತು ನೋಡಲು ಸಿಗುವ ಅಪರೂಪದ ಅವಕಾಶ. ಬೆಂಚುಗಳು ಗಟ್ಟಿ, ಒಳಗೆ ಸೆಖೆ, ಡೀಸೆಲ್ ವಾಸನೆ. ಒಬ್ಬರಿಗೆ ಸಿಗುವ ಅಗಲ 43 ಸೆಂಟಿಮೀಟರ್, ನಮ್ಮ ಕೆಂಪು ಬಸ್ಸಿನ ಮೂರು ಜನರ ಸೀಟಿನ ಲೆಕ್ಕವೇ. ಹತ್ತುವ ಜಾಗದಲ್ಲಿ ಇಬ್ಬರು ನಿಂತು ಒಬ್ಬೊಬ್ಬರನ್ನೂ ದಾಟಿಸುತ್ತಿದ್ದರು. ಅವರು ಬೆರಳು ಹಿಡಿಯಲಿಲ್ಲ, ಅಂಗೈ ಹಿಡಿಯಲಿಲ್ಲ. ತಮ್ಮ ಮುಂಗೈಯನ್ನು ನಮ್ಮ ಮುಂಗೈಗೆ ಚಾಚಿ ಮಣಿಕಟ್ಟಿನ ಮೇಲೆ ಬಿಗಿಯಾಗಿ ಹಿಡಿದರು. ಬೆವರಿದ ಅಂಗೈ ಜಾರುತ್ತದೆ, ಮಣಿಕಟ್ಟು ಜಾರುವುದಿಲ್ಲ. ಅಲೆ ದೋಣಿಯನ್ನು ಮೇಲೆತ್ತಿದ ಕ್ಷಣಕ್ಕೆ ಕಾದು, ಹಡಗಿನ ಮೆಟ್ಟಿಲೂ ದೋಣಿಯ ಅಂಚೂ ಸಮವಾದಾಗ ಮಾತ್ರ ಈಗ ಎಂದರು. ಅರವತ್ತೆಂಟು ವರ್ಷದ ನನ್ನ ಹೆಂಡತಿ ಎರಡು ಅಲೆಗಳನ್ನು ಬಿಟ್ಟು ಮೂರನೆಯದಕ್ಕೆ ದಾಟಿದಳು, ಹಿಂದೆ ನಿಂತವರು ಗೊಣಗಿದರೂ ಆ ಹುಡುಗರು ಅವಸರ ಮಾಡಲಿಲ್ಲ. ಒಳಗೆ ಕೂತವರನ್ನು ಎಡಬಲಕ್ಕೆ ಸಮನಾಗಿ ಹಂಚಿದರು, ಸೆಲ್ಫಿಗೆಂದು ಒಂದೇ ಕಿಟಕಿಗೆ ನುಗ್ಗಿದ ಗುಂಪನ್ನು ಗದರಿಸಿ ಕೂರಿಸಿದರು.

ಹೋಗುವವರಿಗೆ ಎರಡು ಮಾತು. ದೋಣಿಗಳ ಸಂಖ್ಯೆ ಹಡಗಿನ ಮುಂದಿನಿಂದ ಹಿಂದಕ್ಕೆ ಏರುತ್ತದೆ, ಮುಂದಕ್ಕೆ ಮುಖ ಮಾಡಿ ನಿಂತಾಗ ಬಲಕ್ಕೆ ಬೆಸ, ಎಡಕ್ಕೆ ಸರಿ. ಇಷ್ಟು ತಿಳಿದಿದ್ದರೆ ಕತ್ತಲಲ್ಲೂ ದಿಕ್ಕು ತಪ್ಪುವುದಿಲ್ಲ. ಚಿಕ್ಕ ಮಕ್ಕಳಿದ್ದರೆ ಟಿಕೆಟ್ ತೆಗೆಸುವಾಗಲೇ ಅವರ ಜಾಕೆಟ್ಟಿನ ಬಗ್ಗೆ ಬರೆದು ತಿಳಿಸಿ, ಕೋಣೆಗೆ ಕಾಲಿಟ್ಟ ಕೂಡಲೇ ಸೂಟ್‌ಕೇಸಿಗೆ ಮುಂಚೆ ಕಪಾಟು ತೆರೆದು ಎಣಿಸಿ. ದೋಣಿಗಳ ಹಿಂದಿನ ಕೋಣೆಗಳು ಅಗ್ಗವಾಗಿ ಸಿಗುತ್ತವೆ, ಸಮುದ್ರ ಕಾಣುವುದಿಲ್ಲವೆಂದು. ಮುಂದಿನ ಸಲ ನಾನು ಅಂಥದ್ದನ್ನೇ ಕೇಳಿ ತೆಗೆದುಕೊಳ್ಳುತ್ತೇನೆ. ಹೆಂಡತಿ ಒಪ್ಪಿಲ್ಲ, ಕಿಟಕಿಯಾಚೆ ಗ್ರೀಸು ನೋಡುತ್ತ ಕೂರಲು ತಾನು ಬರುವುದಿಲ್ಲವಂತೆ.